ಸೋಮವಾರ ಬೆಳಿಗ್ಗೆ ಕಾಣೆಯಾಗುತ್ತಿದ್ದ ಅಲಿಯಾಸ್

ಮದುವೆ ಸೀಸನ್ ಶುರುವಾಗಿತ್ತು. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಿಂದ ಫೋನ್ ಬಂತು. ಕೆಳಗೆ ಪ್ರೆಸ್, ಮೇಲೆ ಮನೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಪುಟ್ಟದೊಂದು ಕಂಪ್ಯೂಟರ್ ಇದೆ, ಅದರಲ್ಲಿ ಅವರದೇ ಮೇಲ್ ಸರ್ವರ್. ಮಾಲೀಕರ ಮಗ ಓದಿ ತಿಳಿದುಕೊಂಡು ತಾನೇ ಕಟ್ಟಿದ್ದು. ಅವನೇ ಮಾತಾಡಿದ. "ಸರ್, ಪ್ರೂಫ್ ಅನ್ನೋ ಅಲಿಯಾಸ್ ಹಾಕ್ತೀನ್ರೀ. ನಾಲ್ಕೈದು ದಿನ ಇರ್ತದ, ಆಮ್ಯಾಲೆ ತಾನ ಹೋಗಿಬಿಡ್ತದ. ಮೂರು ಸಲ ಹಾಕೇನಿ."

ಈ "ತಾನ ಹೋಗಿಬಿಡ್ತದ" ಅನ್ನುವ ಮಾತನ್ನು ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ವರ್ಕ್‌ಶಾಪ್‌ಗಳಲ್ಲೂ ಕೇಳಿದ್ದೇನೆ, ಧಾರವಾಡದ ಮನೆಗಳಲ್ಲೂ ಕೇಳಿದ್ದೇನೆ. ಅಲಿಯಾಸ್ ತಾನಾಗಿ ಹೋಗುವುದಿಲ್ಲ. ಆ ಪಟ್ಟಿಯನ್ನು ನಿಮ್ಮ ಹೊರತಾಗಿ ಇನ್ನೊಬ್ಬರು ಬರೆಯುತ್ತಿರುತ್ತಾರೆ. ಆ ಇನ್ನೊಬ್ಬರು ಹೆಚ್ಚಾಗಿ ಒಂದು ಪ್ರೋಗ್ರಾಮ್. ಇಲ್ಲವಾದರೆ ನೀವು ಬರೆದ ಪಟ್ಟಿಯನ್ನು ಸರ್ವರ್ ಓದುತ್ತಲೇ ಇರುವುದಿಲ್ಲ. ಅಳಿಸಿದ ಹೆಸರನ್ನು ಮತ್ತೆ ಮತ್ತೆ ಸೇರಿಸುವ ಬದಲು ಬರೆಯುತ್ತಿರುವ ಆ ಕೈಯನ್ನು ಹುಡುಕಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಅಲಿಯಾಸ್ ಎಂದರೆ ಬರೀ ಹೆಸರು, ಅದಕ್ಕೆ ಸ್ವಂತ ಮೇಲ್‌ಬಾಕ್ಸ್ ಇರುವುದಿಲ್ಲ. ಈ ಪ್ರೆಸ್‌ನಲ್ಲಿ ಆರ್ಡರ್, ಪ್ರೂಫ್, ಬಿಲ್, ಲಗ್ನಪತ್ರಿಕೆ ಎಂದು ನಾಲ್ಕು ಹೆಸರಿದ್ದವು. ಯಾವುದಕ್ಕೆ ಬರೆದರೂ ಮೇಲ್ ಬಂದು ಸೇರುವುದು ಮಗನ ಒಂದೇ ಪೆಟ್ಟಿಗೆಗೆ. ಹೆಸರು ಪಟ್ಟಿಯಿಂದ ಬಿದ್ದುಹೋದರೆ ಸರ್ವರ್ 550 ಎಂಬ ಕೋಡ್ ಕೊಟ್ಟು, ಇಂಥವರು ಇಲ್ಲಿಲ್ಲ ಎಂದು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ವಾಪಸ್ ಬಂದ ಸಂದೇಶ ಗ್ರಾಹಕರಿಗೆ ಹೋಗುತ್ತದೆ, ನಿಮಗಲ್ಲ. ಅವರು ಆ ಉದ್ದನೆಯ ಇಂಗ್ಲಿಷ್ ಸಂದೇಶವನ್ನು ಓದುವುದೂ ಇಲ್ಲ. ಎರಡು ದಿನ ಕಾಯುತ್ತಾರೆ, ಆಮೇಲೆ ಬೇರೆ ಪ್ರೆಸ್‌ಗೆ ಹೋಗುತ್ತಾರೆ. ಗದಗ-ಬೆಟಗೇರಿಯಲ್ಲಿ ಪ್ರೆಸ್‌ಗಳಿಗೆ ಕೊರತೆ ಇಲ್ಲ, ಅಲ್ವಾ?

ಅದಕ್ಕೇ ಕಾರಣ ಹುಡುಕುವ ಮೊದಲು ನಾನು ಮಾಡಿಸುವ ಕೆಲಸ ಒಂದಿದೆ. ಮನೆಯ ಸರ್ವರ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಅವರು ಐಬಿಎಮ್‌ನಲ್ಲಿದ್ದಾಗ ಬರೆದು 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದು. ಅದರಲ್ಲಿ ಸಾಫ್ಟ್ ಬೌನ್ಸ್ ಎಂಬ ಒಂದು ಸೆಟ್ಟಿಂಗ್ ಇದೆ. ಮಾಮೂಲಾಗಿ ಅದು ‘ನೋ’ ಎಂದಿರುತ್ತದೆ. ‘ಯೆಸ್’ ಎಂದು ಬದಲಿಸಿ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದರೆ, 5ರಿಂದ ಶುರುವಾಗುವ ಖಾಯಂ ನಿರಾಕರಣೆಯ ಜಾಗದಲ್ಲಿ 4ರಿಂದ ಶುರುವಾಗುವ ಕೋಡ್ ಹೋಗುತ್ತದೆ. "ಈಗ ಆಗಲ್ಲ, ಆಮೇಲೆ ಬನ್ನಿ" ಎಂದು ಅದರರ್ಥ. ಆಗ ಕಳಿಸಿದವರ ಸರ್ವರ್ ಮೇಲ್ ಅನ್ನು ತನ್ನ ಸರದಿಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎಂದು ಮೇಲ್ ನಿಯಮಾವಳಿಯೇ ಹೇಳುತ್ತದೆ. ಪೋಸ್ಟ್‌ಫಿಕ್ಸ್ ಕೂಡ ಕಳಿಸುವ ಕಡೆ ಇದ್ದಾಗ 5 ದಿನ ಕಾಯುತ್ತದೆ. ಅಷ್ಟರೊಳಗೆ ನೀವು ಅಲಿಯಾಸ್ ಸರಿ ಮಾಡಿದರೆ ಒಂದು ಮೇಲೂ ಕಳೆಯುವುದಿಲ್ಲ. ಗದಗಿನ ಹುಡುಗನಿಗೆ ಫೋನ್‌ನಲ್ಲೇ ಇದನ್ನು ಮಾಡಿಸಿದೆ. ಆಮೇಲೆ ನಿಧಾನವಾಗಿ ಚಹಾ ಕುಡಿದು ಹೊರಟೆ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್.

ಹೋದ ಕೂಡಲೇ ನೋಡಿದ್ದು ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ. ತುಂಬಾ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ‘ಯೂಸರ್ ಅನ್‌ನೋನ್’ ಎನ್ನುವವರೆಗೆ ಓದಿ ನಿಲ್ಲಿಸುತ್ತಾರೆ. ಆ ಸಾಲಿನ ನಿಜವಾದ ಸುದ್ದಿ ಅದರ ಬಾಲದಲ್ಲಿದೆ. ‘ಇನ್ ಲೋಕಲ್ ರೆಸಿಪಿಯೆಂಟ್ ಟೇಬಲ್’ ಎಂದಿದ್ದರೆ ಸರ್ವರ್ ನಿಮ್ಮ ಡೊಮೇನ್ ಅನ್ನು (ವಿಳಾಸದಲ್ಲಿ @ ಆದಮೇಲಿನ ಭಾಗ) ಲೋಕಲ್, ಅಂದರೆ ಆ ಕಂಪ್ಯೂಟರಿನದೇ ಹೆಸರು ಎಂದು ತಿಳಿದಿದೆ. ಹಾಗಾಗಿ ಇಟಿಸಿ ಎಂಬ ಸೆಟ್ಟಿಂಗ್ ಫೋಲ್ಡರಿನ ಅಲಿಯಾಸಸ್ ಫೈಲ್ ಮತ್ತು ಲಿನಕ್ಸ್ ಯೂಸರ್‌ಗಳ ಪಟ್ಟಿ ನೋಡಿದೆ. ‘ವರ್ಚುವಲ್ ಅಲಿಯಾಸ್ ಟೇಬಲ್’ ಎಂದಿದ್ದರೆ ಅದು ನೋಡಿದ ಪಟ್ಟಿ ಬೇರೆ. ‘ವರ್ಚುವಲ್ ಮೇಲ್‌ಬಾಕ್ಸ್ ಟೇಬಲ್’ ಎಂದಿದ್ದರೆ ಇನ್ನೂ ಬೇರೆ. ಡೊಮೇನ್ ವರ್ಚುವಲ್ ಆಗಿದ್ದಾಗ, ಅಂದರೆ ಅದಕ್ಕೆ ಬೇರೆಯೇ ಪಟ್ಟಿ ಇದ್ದಾಗ, ನೀವು ಇಟಿಸಿ ಅಲಿಯಾಸಸ್‌ನಲ್ಲಿ ನೂರು ಹೆಸರು ಬರೆದರೂ ಸರ್ವರ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಧಾರವಾಡದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರ ಮನೆಯಲ್ಲಿ ಆಗಿದ್ದು ಇದೇ. ಮೊದಲು ಅವರ ಡೊಮೇನ್ ಲೋಕಲ್ ಆಗಿತ್ತು. ಮಗಳ ಡೊಮೇನ್ ಕೂಡ ಸೇರಿಸಬೇಕೆಂದು ಎರಡನ್ನೂ ವರ್ಚುವಲ್‌ಗೆ ಬದಲಿಸಿದ್ದರು. ಅವತ್ತೇ ಹಳೆಯ ಅಲಿಯಾಸ್‌ಗಳೆಲ್ಲ "ಮಾಯ" ಆದವು. ಫೈಲ್ ತೆರೆದರೆ ಹೆಸರುಗಳು ಅಲ್ಲೇ ಇವೆ. ಕಣ್ಣಿಗೆ ಕಾಣುತ್ತಿದೆ, ಕೆಲಸ ಮಾಡುತ್ತಿಲ್ಲ. ಪಾಪ, ಎರಡು ರಾತ್ರಿ ನಿದ್ದೆಗೆಟ್ಟಿದ್ದರು. ಹೆಸರುಗಳನ್ನು ಹೊಸ ಪಟ್ಟಿಗೆ ಎತ್ತಿಕೊಂಡು ಹೋಗಿ ಹಾಕಿದಾಗ ಇನ್ನೊಂದು ಮುಳ್ಳು ಚುಚ್ಚಿತು. ಇಟಿಸಿ ಅಲಿಯಾಸಸ್‌ನಲ್ಲಿ ಹೆಸರಿನ ಮುಂದೆ ಕೋಲನ್ ಚುಕ್ಕಿ ಹಾಕಬೇಕು. ವರ್ಚುವಲ್ ಫೈಲ್‌ನಲ್ಲಿ ಕೋಲನ್ ಹಾಕಬಾರದು, ಸುಮ್ನೆ ಜಾಗ ಬಿಡಬೇಕು, ಎಡಗಡೆ ಡೊಮೇನ್ ಸಮೇತ ಪೂರ್ತಿ ವಿಳಾಸ ಬರೆಯಬೇಕು. ಅವರು ಕಾಪಿ ಮಾಡಿ ಅಂಟಿಸಿದ್ದರಿಂದ ಕೋಲನ್ ಕೂಡ ಬಂದಿತ್ತು. ಆಗ ಸರ್ವರ್ ಪಾಲಿಗೆ ಆ ಕೋಲನ್ ಹೆಸರಿನದೇ ಒಂದು ಅಕ್ಷರ. ಹೆಸರು ಹೊಂದುವುದು ಹೇಗೆ?

ಇನ್ನೊಂದು ಮಾತು ಇದೇ ಜಾತಿಗೆ ಸೇರಿದ್ದು. ನೀವು ತಿದ್ದುವ ಫೈಲ್ ಬೇರೆ, ಪೋಸ್ಟ್‌ಫಿಕ್ಸ್ ಓದುವ ಫೈಲ್ ಬೇರೆ. ಅದು ಓದುವುದು ಪಕ್ಕದಲ್ಲಿರುವ ಡೇಟಾಬೇಸ್ ಫೈಲ್ ಅನ್ನು. ಅಲಿಯಾಸಸ್ ತಿದ್ದಿದರೆ ‘ನ್ಯೂಅಲಿಯಾಸಸ್’, ವರ್ಚುವಲ್ ತಿದ್ದಿದರೆ ‘ಪೋಸ್ಟ್‌ಮ್ಯಾಪ್’ ಓಡಿಸಿದಾಗ ಮಾತ್ರ ಅದು ಹೊಸದಾಗುತ್ತದೆ. ಎರಡೂ ಫೈಲ್‌ಗಳ ಸಮಯ ಹೋಲಿಸಿ ನೋಡಿ. ಡೇಟಾಬೇಸ್ ಹಳೆಯದಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಲಿನಕ್ಸ್ ಅಪ್‌ಗ್ರೇಡ್ ಆದಮೇಲೆ ಎಲ್ಲ ಅಲಿಯಾಸ್ ಒಟ್ಟಿಗೇ ಹೋಗಿದ್ದರೆ ಡೇಟಾಬೇಸ್‌ನ ಜಾತಿಯನ್ನೂ ನೋಡಿ. ಕೆಲವು ಲಿನಕ್ಸ್‌ಗಳು ಬರ್ಕ್ಲಿ ಡಿಬಿ ಎಂಬ ಹಳೆಯ ಬಗೆ ಬಿಟ್ಟು ಎಲ್‌ಎಮ್‌ಡಿಬಿ ಎಂಬ ಬಗೆಗೆ ಬಂದಿವೆ. ಸೆಟ್ಟಿಂಗ್‌ನಲ್ಲಿ ಹಳೆಯ ಬಗೆಯ ಹೆಸರಾದ ‘ಹ್ಯಾಶ್’ ಎಂದೇ ಉಳಿದಿದ್ದರೆ ಆ ಫೈಲ್ ತೆರೆಯುವುದೇ ಇಲ್ಲ.

ಊಹೆ ಬೇಡ, ಸರ್ವರನ್ನೇ ಕೇಳಿ. ಪೋಸ್ಟ್‌ಮ್ಯಾಪ್‌ಗೆ ಕ್ಯೂ ಆಯ್ಕೆ ಕೊಟ್ಟು, ಹುಡುಕುವ ವಿಳಾಸ ಮತ್ತು ಪಟ್ಟಿಯ ಹೆಸರು ಬರೆದರೆ, ಆ ಡೇಟಾಬೇಸ್‌ನಲ್ಲಿ ಏನಿದೆಯೋ ಅದನ್ನೇ ಹೇಳುತ್ತದೆ. ಉತ್ತರ ಖಾಲಿ ಬಂದರೆ ಹೆಸರು ಅಲ್ಲಿಲ್ಲ. ನನ್ನ ಅರ್ಧ ಕೆಲಸ ಈ ಒಂದು ಕಮಾಂಡ್‌ನಿಂದ ಮುಗಿಯುತ್ತದೆ.

ಗದಗಿನಲ್ಲಿ ಮಾತ್ರ ಇದರಿಂದ ಮುಗಿಯಲಿಲ್ಲ. ಅಲ್ಲಿ ಫೈಲ್‌ನಿಂದಲೇ ಹೆಸರು ಹೋಗಿತ್ತು. ಫೈಲ್ ತೆರೆದರೆ ಪ್ರೂಫ್ ಎಂಬ ಸಾಲೇ ಇಲ್ಲ. ಉಳಿದ ಮೂರು ಹೆಸರು ಹಾಗೇ ಇವೆ. ಅದೇ ನನಗೆ ಸಿಕ್ಕಿದ ಎಳೆ. ಆ ಮೂರಕ್ಕೂ ಇದಕ್ಕೂ ವ್ಯತ್ಯಾಸ ಏನು? ಆ ಮೂರನ್ನು ಮೊದಲ ದಿನ ಸರ್ವರ್ ಕಟ್ಟುವಾಗ ಹಾಕಿದ್ದು. ಪ್ರೂಫ್ ಅನ್ನು ಆಮೇಲೆ ಸೇರಿಸಿದ್ದು.

"ಆಮ್ಯಾಲೆ ಎಲ್ಲಿ ಬರದಿ?" ಎಂದೆ. "ಕಂಟೇನರ್ ಒಳಗ ಹೋಗಿ ಬರದೇನ್ರೀ" ಎಂದ.

ಅವನು ಮೇಲ್ ಸರ್ವರನ್ನು ಡಾಕರ್ ಎಂಬ ಸಾಫ್ಟ್‌ವೇರ್‌ನ ಕಂಟೇನರ್‌ನಲ್ಲಿ ಓಡಿಸುತ್ತಿದ್ದ. ಕಂಟೇನರ್ ಎಂದರೆ ಇಮೇಜ್ ಎಂಬ ಅಚ್ಚಿನಿಂದ ತೆಗೆದ ಒಂದು ಪ್ರತಿ. ಒಳಗೆ ಹೋಗಿ ಏನು ತಿದ್ದಿದರೂ ಅದು ಆ ಪ್ರತಿಯ ಮೇಲಿನ ತಿದ್ದುಪಡಿ. ಕಂಟೇನರನ್ನು ರೀಸ್ಟಾರ್ಟ್ ಮಾಡಿದರೆ ತಿದ್ದಿದ್ದು ಉಳಿಯುತ್ತದೆ. ಆದರೆ ಹೊಸ ಇಮೇಜ್ ಬಂದಾಗ ಹಳೆಯ ಪ್ರತಿಯನ್ನು ಎಸೆದು ಹೊಸ ಪ್ರತಿ ತೆಗೆಯಲಾಗುತ್ತದೆ. ಎಸೆದ ಪ್ರತಿಯ ಜೊತೆ ತಿದ್ದುಪಡಿಯೂ ಹೋಗುತ್ತದೆ. ಮೊದಲ ದಿನದ ಮೂರು ಹೆಸರು ಅಚ್ಚಿನಲ್ಲೇ ಇದ್ದದ್ದರಿಂದ ಉಳಿದವು. ಅವನು ರೀಸ್ಟಾರ್ಟ್ ಮಾಡಿ ನೋಡಿ, ಉಳಿದಿದೆ ಎಂದು ನಂಬಿದ್ದ. ಅವನ ತಪ್ಪೇನಿಲ್ಲ. ಈ ವ್ಯತ್ಯಾಸ ಪೆಟ್ಟು ತಿನ್ನದೆ ಯಾರಿಗೂ ಹೊಳೆಯುವುದಿಲ್ಲ.

ನಾನು ಅವನಿಗೆ ವಿವರಿಸುತ್ತಿರುವಾಗ ಅವನ ತಂದೆ ಕೇಳಿಸಿಕೊಳ್ಳುತ್ತಿದ್ದರು. "ಅಂದ್ರ ಪ್ರೂಫ್ ಹಾಳಿ ಮ್ಯಾಲೆ ಪೆನ್ನೀಲೆ ತಿದ್ಯಾನ, ಪೇಜ್ ಫೈಲ್ ತಿದ್ದಿಲ್ಲ. ಮತ್ತ ಪ್ಲೇಟ್ ಮಾಡಿದ್ರ ಹಳೇ ತಪ್ಪ ಬರ್ತದ" ಎಂದರು. ನಲವತ್ತು ವರ್ಷ ಪ್ರೆಸ್ ನಡೆಸಿದವರ ಮಾತು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಈಗ ಎಲ್ಲರಿಗೂ ಹೀಗೇ ಹೇಳುತ್ತೇನೆ.

ಖಾತ್ರಿ ಮಾಡಿಕೊಳ್ಳಲು ಎರಡು ಕಮಾಂಡ್ ಸಾಕಾದವು. ‘ಡಾಕರ್ ಪಿಎಸ್’ ಕೊಟ್ಟರೆ ಕಂಟೇನರ್ ಹುಟ್ಟಿ ಎಷ್ಟು ಹೊತ್ತಾಯಿತು, ಓಡುತ್ತಾ ಎಷ್ಟು ಹೊತ್ತಾಯಿತು ಎರಡೂ ಬೇರೆ ಬೇರೆ ಕಾಣುತ್ತವೆ. ಹುಟ್ಟಿದ ಸಮಯ ಭಾನುವಾರ ರಾತ್ರಿ. ಅವನೇ ಹಾಕಿಟ್ಟು ಮರೆತಿದ್ದ ವಾರದ ಅಪ್‌ಡೇಟ್ ಓಡುವ ಹೊತ್ತು ಅದು. ಹೊಸ ಇಮೇಜ್ ಬಂದ ವಾರ ಅಲಿಯಾಸ್ ಹೋಗುತ್ತಿತ್ತು, ಬರದಿದ್ದ ವಾರ ಉಳಿಯುತ್ತಿತ್ತು. ಲೆಕ್ಕ ಸಿಗದೆ ಅವನು ಗಾಬರಿಯಾಗಿದ್ದು ಇದಕ್ಕೇ. ಎರಡನೆಯದು ‘ಡಾಕರ್ ಡಿಫ್’. ಅಚ್ಚಿಗೂ ಈಗಿನ ಪ್ರತಿಗೂ ಯಾವ ಯಾವ ಫೈಲ್ ಬೇರೆಯಾಗಿವೆ ಎಂದು ಅದು ಪಟ್ಟಿ ಕೊಡುತ್ತದೆ. ಅವನು ಹೊಸದಾಗಿ ಒಂದು ಟೆಸ್ಟ್ ಅಲಿಯಾಸ್ ಹಾಕಿದ, ವರ್ಚುವಲ್ ಫೈಲ್ ಪಟ್ಟಿಯಲ್ಲಿ ಬಂತು. ಆ ಪಟ್ಟಿಯಲ್ಲಿ ನೀವು ಕೈಯಾರೆ ಬರೆದ ಫೈಲ್ ಕಂಡರೆ, ಮುಂದಿನ ಅಪ್‌ಡೇಟ್‌ಗೆ ಅದು ಹೋಗುತ್ತದೆ ಎಂದೇ ತಿಳಿಯಿರಿ.

ಸರಿಪಡಿಸುವುದು ಕಷ್ಟವಲ್ಲ. ಅಲಿಯಾಸ್ ಫೈಲ್ ಕಂಟೇನರ್‌ನ ಹೊರಗೆ, ಮೂಲ ಕಂಪ್ಯೂಟರಿನ ಫೋಲ್ಡರಿನಲ್ಲಿ ಇರಬೇಕು. ಅದನ್ನು ಒಳಗೆ ಮೌಂಟ್ ಮಾಡಬೇಕು, ಅಂದರೆ ಹೊರಗಿನದೇ ಒಳಗೂ ಕಾಣುವಂತೆ ಜೋಡಿಸಬೇಕು. ಇಲ್ಲೂ ಒಂದು ಎಚ್ಚರಿಕೆ ಬೇಕು. ಒಂದೇ ಫೈಲ್ ಮೌಂಟ್ ಮಾಡಬೇಡಿ, ಇಡೀ ಫೋಲ್ಡರ್ ಮೌಂಟ್ ಮಾಡಿ. ಕೆಲವು ಎಡಿಟರ್‌ಗಳು ಸೇವ್ ಮಾಡುವಾಗ ಹಳೆಯ ಫೈಲ್ ತೆಗೆದು ಅದೇ ಹೆಸರಿನ ಹೊಸ ಫೈಲ್ ಇಡುತ್ತವೆ. ಆಗ ಹೊರಗೆ ಹೊಸದು ಕಾಣುತ್ತದೆ, ಕಂಟೇನರ್ ಮಾತ್ರ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಒಂದು ರೋಗ ವಾಸಿಯಾಗಿ ಇನ್ನೊಂದು ಶುರುವಾದಂತೆ. ಇನ್ನು ಕೆಲವು ಮೇಲ್ ಇಮೇಜ್‌ಗಳು ಪ್ರತಿ ಸಲ ಶುರುವಾಗುವಾಗ ತಮ್ಮದೇ ಕಾನ್ಫಿಗ್ ಫೋಲ್ಡರಿನಿಂದ ಪೋಸ್ಟ್‌ಫಿಕ್ಸ್‌ನ ಪಟ್ಟಿಗಳನ್ನು ಹೊಸದಾಗಿ ಬರೆಯುತ್ತವೆ. ಅಂಥಲ್ಲಿ ರೀಸ್ಟಾರ್ಟ್‌ಗೂ ಅಲಿಯಾಸ್ ಉಳಿಯುವುದಿಲ್ಲ. ವೆಬ್ ಪ್ಯಾನೆಲ್ ಇರುವ ಸರ್ವರ್‌ಗಳಲ್ಲಿ ಮೂಲ ಪಟ್ಟಿ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ನಲ್ಲಿ ಇರುತ್ತದೆ. ಪ್ಯಾನೆಲ್‌ನಲ್ಲೇ ಸೇರಿಸಬೇಕು, ಫೈಲ್ ಮುಟ್ಟಬಾರದು.

ಮನೆ ಇಂಟರ್‌ನೆಟ್‌ಗೆ ಖಾಯಂ ಐಪಿ ಸಿಗದವರು ಹೊರಗೆ ಒಂದು ಬಾಡಿಗೆ ಸರ್ವರ್ ಇಟ್ಟು, ಮೇಲ್ ಮೊದಲು ಅಲ್ಲಿಗೆ ಬಂದು ಆಮೇಲೆ ಮನೆಗೆ ಬರುವಂತೆ ಮಾಡಿರುತ್ತಾರೆ. ಆ ಮುಂದಿನ ಸರ್ವರ್‌ಗೂ ಒಂದು ಹೆಸರಿನ ಪಟ್ಟಿ ಕೊಟ್ಟಿರುತ್ತೀರಿ. ಮನೆಯಲ್ಲಿ ಸೇರಿಸಿ ಅಲ್ಲಿ ಮರೆತರೆ ಮೇಲ್ ಅಲ್ಲೇ ವಾಪಸ್. ಗುರುತು ಸುಲಭ. ಮನೆಯ ಲಾಗ್‌ನಲ್ಲಿ ಆ ಮೇಲ್‌ನ ಸುಳಿವೇ ಇರುವುದಿಲ್ಲ, ಅಲ್ಲಿನ ಲಾಗ್‌ನಲ್ಲಿ ‘ರಿಲೇ ರೆಸಿಪಿಯೆಂಟ್ ಟೇಬಲ್’ ಎಂದಿರುತ್ತದೆ. ಸಾಫ್ಟ್ ಬೌನ್ಸ್ ಕೂಡ ಅಲ್ಲೇ ಹಾಕಬೇಕು.

ಇಷ್ಟೆಲ್ಲ ನೋಡಿಯೂ ಬರೆಯುವ ಕೈ ಸಿಗದಿದ್ದರೆ ಕಾವಲು ಇಡಿ. ಲಿನಕ್ಸ್‌ನ ಆಡಿಟ್‌ಡಿ ಎಂಬ ಕಾವಲು ಪ್ರೋಗ್ರಾಮ್‌ಗೆ ಆ ಫೈಲ್ ತೋರಿಸಿ, ಯಾರೇ ಬರೆದರೂ ದಾಖಲಿಸು ಎಂದು ಹೇಳಿದರೆ, ಯಾವ ಪ್ರೋಗ್ರಾಮ್ ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು ಬರೆದಿಡುತ್ತದೆ. ಇಟಿಸಿ ಫೋಲ್ಡರನ್ನು ಇಟಿಸಿಕೀಪರ್ ಮೂಲಕ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಟ್ಟರೆ ಏನು ಬದಲಾಯಿತು ಎಂಬುದೂ ಸಾಲು ಸಾಲಾಗಿ ಸಿಗುತ್ತದೆ. ಗೋಕುಲ ರಸ್ತೆಯ ಒಂದು ವರ್ಕ್‌ಶಾಪ್‌ನಲ್ಲಿ ಹೀಗೆ ಸಿಕ್ಕಿದ್ದು ಹಳೆಯ ಕ್ರಾನ್ ಸ್ಕ್ರಿಪ್ಟ್, ಅಂದರೆ ಹೇಳಿಟ್ಟ ಹೊತ್ತಿಗೆ ತಾನೇ ಓಡುವ ಪುಟ್ಟ ಪ್ರೋಗ್ರಾಮ್. ಕೆಲಸ ಬಿಟ್ಟುಹೋದವರು ಯಾವಾಗಲೋ ಬರೆದಿದ್ದು, ತಿಂಗಳಿಗೊಮ್ಮೆ ಹಳೆಯ ಪಟ್ಟಿಯನ್ನು ತಂದು ಹೊಸದರ ಮೇಲೆ ಹಾಕುತ್ತಿತ್ತು. ತಿಂಗಳಿಗೆ ಒಮ್ಮೆ ಬರುವ ತೊಂದರೆಯನ್ನು ಕಾವಲಿಲ್ಲದೆ ಹಿಡಿಯಲು ಆಗುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಪ್ರತಿಯೊಂದು ಅಲಿಯಾಸ್ ಇದೆಯೋ ಇಲ್ಲವೋ ಎಂದು ಪೋಸ್ಟ್‌ಮ್ಯಾಪ್‌ನಿಂದ ಕೇಳಿ, ಇಲ್ಲದಿದ್ದರೆ ಫೋನ್‌ಗೆ ಸಂದೇಶ ಕಳಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟೆ. ಆ ಸಂದೇಶ ಅದೇ ಮೇಲ್ ಸರ್ವರ್ ಮೂಲಕ ಬರಬಾರದು, ಬೇರೆ ದಾರಿಯಲ್ಲಿ ಬರಬೇಕು. ಪಟ್ಟಿಯಲ್ಲಿ ಪೋಸ್ಟ್‌ಮಾಸ್ಟರ್ ಎಂಬ ಹೆಸರನ್ನೂ ಸೇರಿಸಿದೆ. ಮೇಲ್ ತೆಗೆದುಕೊಳ್ಳುವ ಪ್ರತಿ ಡೊಮೇನ್‌ಗೂ ಆ ವಿಳಾಸ ಇರಲೇಬೇಕು ಎಂದು 2008ರ ಮೇಲ್ ನಿಯಮಾವಳಿ ಆರ್‌ಎಫ್‌ಸಿ 5321 ಹೇಳುತ್ತದೆ. ದಿನಾ ಯಾರೂ ಬಳಸದ ಹೆಸರಾದ್ದರಿಂದ ಅದು ಹೋದದ್ದು ವರ್ಷವಾದರೂ ಗೊತ್ತಾಗುವುದಿಲ್ಲ.

ಅವತ್ತು ಸಂಜೆ ಫೋಲ್ಡರ್ ಮೌಂಟ್ ಮಾಡಿ, ಕಂಟೇನರನ್ನು ಬೇಕೆಂದೇ ಅಳಿಸಿ ಹೊಸದಾಗಿ ಕಟ್ಟಿದೆವು. ಮೂರು ಸಲ ಹಾಗೆ ಮಾಡಿದೆವು. ಮೂರೂ ಸಲ ಪ್ರೂಫ್ ಉಳಿಯಿತು. ರಾತ್ರಿ ಊಟಕ್ಕೆ ಕೂತಾಗ ಮಗನ ಫೋನ್ ಸದ್ದು ಮಾಡಿತು. ಬೆಳಿಗ್ಗೆಯಿಂದ ಬಾಗಿಲು ತಟ್ಟುತ್ತಿದ್ದ ಒಂದು ಮೇಲ್ ಒಳಗೆ ಬಂದಿತ್ತು. ಲಗ್ನಪತ್ರಿಕೆಯ ತಿದ್ದುಪಡಿ. ವಧುವಿನ ಅಜ್ಜಿಯ ಹೆಸರು ತಪ್ಪಾಗಿದೆ, ಪ್ಲೇಟ್ ಮಾಡುವ ಮೊದಲು ಸರಿ ಮಾಡಿ ಎಂದು ಬರೆದಿದ್ದರು. ಅವನು ಊಟ ಬಿಟ್ಟು ಕೆಳಗೆ ಹೋಗಿ ಪೇಜ್ ಫೈಲ್ ತೆರೆದ. ಮುಂದಿನ ಭಾನುವಾರದ ಅಪ್‌ಡೇಟ್ ಕಳೆದು, ಸೋಮವಾರ ಪಟ್ಟಿ ಪೂರ್ತಿ ಇದೆ ಎಂದು ಅವನು ಹೇಳಿದ ಮೇಲೆ ಸಾಫ್ಟ್ ಬೌನ್ಸ್ ಅನ್ನು ಮತ್ತೆ ‘ನೋ’ ಮಾಡಿಸಿದೆ. ಅದನ್ನು ಖಾಯಂ ಬಿಡಬಾರದು. ವಿಳಾಸ ತಪ್ಪು ಬರೆದವರಿಗೆ ಅದು ತಪ್ಪೆಂದು ತಿಳಿಯಲು ಐದು ದಿನ ಬೇಕಾಗುತ್ತದೆ.