ಬಲಿಯಲು ಬಿಡದ ವೈರಸ್

ಗರ್ಭಕಂಠದ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಪಿ16 ಪಾಸಿಟಿವ್’ ಅಂತ ಕಂಡರೆ ಹಲವರು ಗಾಬರಿಯಿಂದ ಕೇಳುತ್ತಾರೆ: “ಡಾಕ್ಟ್ರೇ, ಇದು ಕೆಟ್ಟ ಜೀನಾ?” ಅಲ್ಲ. ಪಿ16 ನಮ್ಮದೇ ಜೀನ್. ಕೋಶಗಳು ಒಂದೇ ಸಮನೆ ಒಡೆದು ಎರಡಾಗದಂತೆ ತಡೆಯುವುದು ಅದರ ಕೆಲಸ. ಪಾಸಿಟಿವ್ ಅಂದರೆ ಅದರ ಪ್ರೋಟೀನ್ ಕೋಶಗಳಲ್ಲಿ ತುಂಬಿಕೊಂಡಿದೆ ಅಂತ. ಅದು ಅಷ್ಟು ಜೋರಾಗಿ ಕೂಗಿದರೂ ಕೋಶಗಳು ಕೇಳುತ್ತಿಲ್ಲ ಅನ್ನುವುದೇ ಚಿಂತೆಯ ವಿಷಯ. ಯಾಕೆ ಕೇಳುತ್ತಿಲ್ಲ? ಸಾಮಾನ್ಯವಾಗಿ ಅದಕ್ಕೆ ಕಾರಣ ಹೆಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್.

ಚರ್ಮದಲ್ಲೂ ಗರ್ಭಕಂಠದ ಮೇಲ್ಪದರದಲ್ಲೂ ಕೋಶಗಳು ಹುಟ್ಟುವುದು ತಳದ ಸಾಲಿನಲ್ಲಿ. ಅಲ್ಲಿಂದ ಮೇಲೇರುತ್ತಾ ಬಲಿಯುತ್ತವೆ, ಕೊನೆಗೆ ಉದುರುತ್ತವೆ. ಮೇಲೇರುವಾಗ ವಿಭಜನೆಯ ಜೀನ್‌ಗಳು ಮುಚ್ಚಿಕೊಳ್ಳುತ್ತವೆ, ಬಲಿಯುವ ಜೀನ್‌ಗಳು ತೆರೆದುಕೊಳ್ಳುತ್ತವೆ.

ಹೆಚ್‌ಪಿವಿ ಸಣ್ಣ ಗೀರುಗಳ ಮೂಲಕ ತಳದ ಸಾಲಿಗೆ ಇಳಿಯುತ್ತದೆ. ಅದರ ಡಿಎನ್‌ಎ ಸುಮಾರು 8000 ಅಕ್ಷರದಷ್ಟೇ. ಅದನ್ನು ನಕಲು ಮಾಡುವ ಯಂತ್ರ ಅದರ ಬಳಿ ಇಲ್ಲ, ನಮ್ಮ ಕೋಶದ್ದೇ ಬೇಕು. ಆದರೆ ಮೇಲೇರಿದ ಕೋಶ ಆ ಯಂತ್ರವನ್ನು ಆಗಲೇ ನಿಲ್ಲಿಸಿರುತ್ತದೆ. ಅದಕ್ಕೇ ವೈರಸ್ಸಿನ ಇ7 ಪ್ರೋಟೀನ್, ವಿಭಜನೆಯ ಜೀನ್‌ಗಳಿಗೆ ಕಾವಲು ಕೂತ ನಮ್ಮ ಆರ್‌ಬಿ ಎಂಬ ಪ್ರೋಟೀನನ್ನು ಹಿಡಿದು ಹಾಕುತ್ತದೆ. ಪಿ16 ಕೆಲಸ ಮಾಡುವುದೇ ಆರ್‌ಬಿಯ ಮೂಲಕ. ಆರ್‌ಬಿಯೇ ಇಲ್ಲದ ಮೇಲೆ ಪಿ16 ಎಷ್ಟಿದ್ದರೇನು? ಬಯಾಪ್ಸಿಯ ಸ್ಲೈಡ್‌ನಲ್ಲಿ ತಳದಿಂದ ಮೇಲಕ್ಕೆ ಒತ್ತಾಗಿ ಕಾಣುವ ಕಂದು ಬಣ್ಣ ಹೀಗೆ ತುಂಬಿಕೊಂಡ ಪಿ16ನದ್ದೇ. ಇಂಥ ಗಡಿಬಿಡಿ ಕಂಡರೆ ನಮ್ಮದೇ ಇನ್ನೊಂದು ಕಾವಲು ಪ್ರೋಟೀನ್ ಪಿ53 ಕೋಶವನ್ನು ಸಾಯಿಸಬೇಕಿತ್ತು. ಅದನ್ನು ವೈರಸ್ಸಿನ ಇನ್ನೊಂದು ಪ್ರೋಟೀನ್ ಇ6 ಮೊದಲೇ ಮುಗಿಸಿರುತ್ತದೆ.

ಹಾಗಂತ ಸೋಂಕೆಲ್ಲ ಕ್ಯಾನ್ಸರ್ ಅಲ್ಲ. ವೈರಸ್ಸಿಗೂ ಕೋಶ ಕೊನೆಗೆ ಬಲಿಯಲೇಬೇಕು, ಯಾಕೆಂದರೆ ಅದರ ಹೊರಕವಚ ತಯಾರಾಗುವುದು ಮೇಲಿನ ಪದರಗಳಲ್ಲಿ ಮಾತ್ರ. ಇ6, ಇ7 ಅತಿಯಾಗದಂತೆ ವೈರಸ್ಸಿನದ್ದೇ ಇ2 ಪ್ರೋಟೀನ್ ಹಿಡಿತದಲ್ಲಿಡುತ್ತದೆ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷದಲ್ಲಿ ತಾವಾಗಿಯೇ ಅಡಗುತ್ತವೆ. ಅಡಗದೆ ಉಳಿದರೆ, ಎಲ್ಲೋ ಒಮ್ಮೆ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಕ್ರೋಮೋಸೋಮಿಗೆ ಸೇರಿಕೊಳ್ಳುತ್ತದೆ. ಆಗ ಇ2 ಜೀನ್ ಮುರಿದರೆ ಇ6, ಇ7ಕ್ಕೆ ಹಿಡಿತವೇ ಇಲ್ಲ. ಅಲ್ಲಿಂದ ಹೊಸ ವೈರಸ್ ಹುಟ್ಟುವುದಿಲ್ಲ. ಕ್ಯಾನ್ಸರ್‌ನಿಂದ ವೈರಸ್ಸಿಗೂ ಲಾಭವಿಲ್ಲ.

1951ರಲ್ಲಿ ಗರ್ಭಕಂಠದ ಗಡ್ಡೆಯೊಂದರಿಂದ ಬೆಳೆಸಿದ ಹೀಲಾ ಕೋಶಗಳಲ್ಲಿ ಹೆಚ್‌ಪಿವಿಯ 18ನೇ ಬಗೆ ಇದೆ. ದಶಕಗಳ ನಂತರ ವಿಜ್ಞಾನಿಗಳು ಅವುಗಳೊಳಗೆ ಇ2 ಮರಳಿ ಹಾಕಿದರು. ಎಂದೂ ನಿಲ್ಲದ ಆ ಕೋಶಗಳು ವಿಭಜನೆ ನಿಲ್ಲಿಸಿ ಮುದಿಯಾದವು! ಅಂದರೆ ಆರ್‌ಬಿ, ಪಿ53 ಜೀನ್‌ಗಳು ಅಷ್ಟು ವರ್ಷವೂ ಒಳಗೆ ಸುಸ್ಥಿತಿಯಲ್ಲೇ ಇದ್ದವು. ಈ ಪ್ರಯೋಗ ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಚರ್ಮದಲ್ಲೇ ಇರುವ ಹೆಚ್‌ಪಿವಿಯ 5, 8ನೇ ಬಗೆಗಳದ್ದು ಬೇರೆ ದಾರಿ. ‘ಇನ್ನು ಬಲಿಯಬೇಕು’ ಎಂದು ಕೋಶಕ್ಕೆ ಹೇಳುವ ನಾಚ್ ಸಂಕೇತವನ್ನೇ ಅವುಗಳ ಇ6 ಅಡಗಿಸುತ್ತದೆ. ಈ ವೈರಸ್ಸುಗಳನ್ನು ತಡೆಯಲಾಗದ ಅಪರೂಪದ ಆನುವಂಶಿಕ ಕಾಯಿಲೆ ಇದ್ದವರಲ್ಲಿ, ಬಿಸಿಲು ಬೀಳುವ ಚರ್ಮದಲ್ಲಿ ಕ್ಯಾನ್ಸರ್ ಏಳುತ್ತದೆ. ಚರ್ಮದ ಅಪರೂಪದ ಮರ್ಕೆಲ್ ಸೆಲ್ ಕ್ಯಾನ್ಸರ್‌ನಲ್ಲಿ 2008ರಲ್ಲಿ ಪತ್ತೆಯಾದ ಮರ್ಕೆಲ್ ಸೆಲ್ ಪಾಲಿಯೋಮಾ ವೈರಸ್ಸಿಗೂ ಹೆಚ್‌ಪಿವಿಗೂ ನೆಂಟಸ್ತಿಕೆ ಇಲ್ಲ. ಆದರೂ ಅದು ಹಿಡಿಯುವುದು ಅದೇ ಆರ್‌ಬಿಯನ್ನು.

ಕೈಬೆರಳಿನ ಮಾಮೂಲಿ ನರಹುಲಿ ಹೆಚ್‌ಪಿವಿಯ ಬೇರೆ ಬಗೆಗಳದ್ದು. ಅದಕ್ಕೆ ಸುಮ್ನೆ ಹೆದರಬೇಡಿ. ಹೆಚ್‌ಪಿವಿ ಲಸಿಕೆಗೂ ಹೆದರಬೇಡಿ: ಅದರಲ್ಲಿರುವುದು ಖಾಲಿ ಕವಚ ಮಾತ್ರ, ಇ6, ಇ7 ಜೀನ್‌ಗಳು ಅದರಲ್ಲಿಲ್ಲ. ಆದರೆ ಒಳಹೊಕ್ಕ ವೈರಸ್ಸನ್ನು ಅದು ಹೊರಗಟ್ಟಲಾರದು. ಅದಕ್ಕೇ 9ರಿಂದ 14 ವರ್ಷದೊಳಗೇ ಹಾಕಿಸಿ ಅನ್ನುವುದು. ಲಸಿಕೆ ಪಡೆದವರೂ ಮುಂದೆ ಗರ್ಭಕಂಠದ ತಪಾಸಣೆ ಬಿಡಬಾರದು.