ಲಿಗೆಟಿ ಸಿನಿಮಾಕ್ಕೆ ಸಂಗೀತ ಬರೆದವರಾ?

ಪ್ರಶ್ನೆ: ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾಕ್ಕೆ ಸಂಗೀತ ಮಾಡಿದ ಹಂಗೇರಿಯ ಜ್ಯೋರ್ಜ್ ಲಿಗೆಟಿ ಬಗ್ಗೆ ತಿಳಿಸಿ. ಆಮೇಲೆ ಅವರು ಬೇರೆ ಸಿನಿಮಾ ಮಾಡಲಿಲ್ಲವೇ?

ಉತ್ತರ: ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ. ಲಿಗೆಟಿ ಆ ಸಿನಿಮಾಕ್ಕಾಗಿ ಒಂದು ಸ್ವರವನ್ನೂ ಬರೆದಿಲ್ಲ.

ಇಸವಿ ನೋಡಿ, ಸಾಕು. ಸಿನಿಮಾ ಬಂದದ್ದು 1968ರಲ್ಲಿ. ಅದರಲ್ಲಿ ಕೇಳಿಸುವ ಅವರ ಆರ್ಕೆಸ್ಟ್ರಾ ಕೃತಿ ‘ಅಟ್ಮೊಸ್ಫೇರ್’ 1961ರದ್ದು. ಜರ್ಮನಿಯ ಡೊನೌಎಶಿಂಗನ್ ಊರಿನ ಉತ್ಸವದಲ್ಲಿ ಅದನ್ನು ಮೊದಲು ನುಡಿಸಿದಾಗ ಜನ ಬಿಡಲಿಲ್ಲ, ಅಲ್ಲೇ ಇನ್ನೊಂದು ಸಲ ನುಡಿಸಬೇಕಾಯಿತು. ‘ಆವಾಂಟ್ಯೂರ್’ 1962. ‘ರೆಕ್ವಿಯಂ’ 1965. ‘ಲೂಕ್ಸ್ ಎಟರ್ನಾ’ 1966. ಎಲ್ಲವೂ ಸಿನಿಮಾಕ್ಕಿಂತ ಮೊದಲೇ ಕಛೇರಿಗಳಿಗಾಗಿ ಬರೆದವು.

ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಸಂಗೀತ ಬರೆಸಿದ್ದು ಅಲೆಕ್ಸ್ ನಾರ್ತ್ ಅವರಿಂದ. ಅದು ರೆಕಾರ್ಡ್ ಕೂಡ ಆಗಿತ್ತು. ಕೊನೆಗೆ ಅದನ್ನು ಬಿಟ್ಟು, ಮೊದಲೇ ಇದ್ದ ರೆಕಾರ್ಡುಗಳನ್ನೇ ಉಳಿಸಿಕೊಂಡರು. ತಮ್ಮ ಸಂಗೀತ ಅಷ್ಟು ಹೊತ್ತು ಬಳಕೆಯಾಗಿದೆ ಅಂತ ಲಿಗೆಟಿಗೆ ಗೊತ್ತಾದದ್ದು ಸಿನಿಮಾ ಬಂದ ಮೇಲೆ. ‘ಆವಾಂಟ್ಯೂರ್’ ಧ್ವನಿಯನ್ನಂತೂ ತಿರುಚಿ ಹಾಕಿದ್ದರು. ಅವರಿಗೆ ಸಿಟ್ಟು ಬಂತು, ಆದರೆ ಸಿನಿಮಾವನ್ನು ಮೆಚ್ಚಿಕೊಂಡರು. ಇನ್ನೊಂದು: ಸೂರ್ಯ ಮೇಲೇಳುವಾಗ ಬರುವ ಆ ಟ್ರಂಪೆಟ್ ಸಂಗೀತ ಲಿಗೆಟಿಯದ್ದಲ್ಲ, ರಿಚರ್ಡ್ ಸ್ಟ್ರಾಸ್ ಅವರದ್ದು.

ಇಷ್ಟು ಹಟ ಯಾಕೆ ಅಂದರೆ, ‘ಬಾಹ್ಯಾಕಾಶದ ಸಂಗೀತ’ ಅಂದುಬಿಟ್ಟರೆ ಆ ಸಂಗೀತದೊಳಗೆ ಇರುವ ಮನುಷ್ಯರು ಮರೆಯಾಗುತ್ತಾರೆ. ರೆಕ್ವಿಯಂ ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ. ಸಿನಿಮಾದಲ್ಲಿ ಕಪ್ಪು ಕಲ್ಲಿನ ಮುಂದೆ ಕೇಳಿಸುವ ಆ ದನಿಗಳು ಹಾಡುತ್ತಿರುವುದು ‘ಕರುಣೆ ತೋರು ದೇವರೇ’ ಅಂತ. ಬರೆದವರು ಯಾರು? 1923ರಲ್ಲಿ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ, ಹಂಗೇರಿಯನ್ ಮಾತಾಡುವ ಯಹೂದಿ ಮನೆಯಲ್ಲಿ ಹುಟ್ಟಿದವರು. 1944ರಲ್ಲಿ ಅವರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದರು. ಅಪ್ಪ, ತಮ್ಮ ಇಬ್ಬರೂ ನಾಜಿಗಳ ಕ್ಯಾಂಪುಗಳಲ್ಲಿ ಸತ್ತರು. ಅಮ್ಮ ಆಶ್ವಿಟ್ಸ್‌ನಿಂದ ಬದುಕಿ ಬಂದರು. ಯುದ್ಧದ ನಂತರ ಬುಡಾಪೆಸ್ಟ್‌ನಲ್ಲಿ ಓದಿ, ಅಲ್ಲೇ ಪಾಠ ಹೇಳಿದರು. 1956ರ ಹಂಗೇರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದ ಮೇಲೆ, ಡಿಸೆಂಬರ್‌ನಲ್ಲಿ ಗಡಿ ದಾಟಿ ವಿಯೆನ್ನಾ ಸೇರಿದರು. ಆಮೇಲೆ ಕಲೋನ್ ರೇಡಿಯೋ ಸ್ಟುಡಿಯೋ, ಹ್ಯಾಂಬರ್ಗ್‌ನಲ್ಲಿ ಮೇಷ್ಟರ ಕೆಲಸ. 2006ರಲ್ಲಿ ವಿಯೆನ್ನಾದಲ್ಲೇ ತೀರಿಕೊಂಡರು.

ಸಿನಿಮಾದಲ್ಲಿ ಕೇಳಿಸುವ ಅವರ ಸಂಗೀತದ ಆ ಗುಂಯ್ ಎನ್ನುವ ಸದ್ದೂ ಸುಮ್ನೆ ಹುಟ್ಟಿದ್ದಲ್ಲ. ದೂರದಿಂದ ಕೇಳಿದರೆ ಜಾತ್ರೆಯ ಗದ್ದಲ ಒಂದೇ ಸದ್ದು. ಹತ್ತಿರ ಹೋದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ‘ಅಟ್ಮೊಸ್ಫೇರ್’ನಲ್ಲಿ ಪಿಟೀಲಿನವರೆಲ್ಲ ಸೇರಿ ಒಂದೇ ಸಾಲು ನುಡಿಸುವುದಿಲ್ಲ, ಪ್ರತಿಯೊಬ್ಬರಿಗೂ ಬೇರೆ ಸಾಲು ಬರೆದಿದ್ದಾರೆ. ಇದಕ್ಕೆ ಅವರು ಕೊಟ್ಟ ಹೆಸರು ಮೈಕ್ರೋಪಾಲಿಫನಿ.

ಬೇರೆ ಸಿನಿಮಾ? ಕುಬ್ರಿಕ್ ಮತ್ತೆರಡು ಸಿನಿಮಾಗಳಲ್ಲಿ ಅವರ ಸಂಗೀತ ಬಳಸಿದರು. ಅವೂ ಹಳೆಯ ಕೃತಿಗಳೇ. 1999ರ ‘ಐಸ್ ವೈಡ್ ಶಟ್’ನಲ್ಲಿ ಎದೆಗೆ ಬಡಿಯುವ ಆ ಪಿಯಾನೋ ‘ಮ್ಯೂಸಿಕಾ ರಿಚರ್ಕಾಟಾ’ದ ಎರಡನೇ ತುಣುಕು.

ನೀವು ಕೇಳದಿದ್ದರೂ ಈ ‘ಮ್ಯೂಸಿಕಾ ರಿಚರ್ಕಾಟಾ’ ಎಂಬ ಪಿಯಾನೋ ಗುಚ್ಛದ ಬಗ್ಗೆ ಹೇಳಲೇಬೇಕು. ಸಿನಿಮಾಗಳಿಗಿಂತ ಇದು ನನಗೆ ಜಾಸ್ತಿ ಇಷ್ಟ. 1951ರಿಂದ 53ರವರೆಗೆ, ಹೊಸ ಸಂಗೀತಕ್ಕೆ ಸರ್ಕಾರದ ತಡೆಯಿದ್ದ ಬುಡಾಪೆಸ್ಟ್‌ನಲ್ಲಿ ಬರೆದಿಟ್ಟದ್ದು. ಒಟ್ಟು 11 ತುಣುಕು. ಎರಡನೆಯದರಲ್ಲಿ ಮೂರೇ ಸ್ವರ, ಮೂರನೆಯದರಲ್ಲಿ ನಾಲ್ಕು, ಹೀಗೆ ಏರುತ್ತಾ ಹನ್ನೊಂದನೆಯದರಲ್ಲಿ ಹನ್ನೆರಡೂ. ಇಡೀ ಗುಚ್ಛವನ್ನು ಜನರ ಮುಂದೆ ನುಡಿಸಿದ್ದು 1969ರಲ್ಲಿ.

ಮೊದಲನೆಯದನ್ನು ಕೇಳಿ. ಒಂದೇ ಸ್ವರ. ಮಂದ್ರದಲ್ಲಿ, ತಾರದಲ್ಲಿ, ನಿಧಾನವಾಗಿ, ದಡದಡನೆ, ಬರೀ ಅದೇ. ಅದೇ ಷಡ್ಜ ಅಂತ ಕಿವಿ ಒಪ್ಪಿಕೊಂಡುಬಿಡುತ್ತದೆ. ತೀರಾ ಕೊನೆಗೆ ಎರಡನೆಯ ಸ್ವರ ಬರುತ್ತದೆ, ಒಂದೇ ಒಂದು. ಆ ಗಳಿಗೆಯಲ್ಲಿ, ಇಷ್ಟು ಹೊತ್ತೂ ಕೇಳಿದ್ದು ಪಂಚಮ, ಷಡ್ಜ ಬಂದದ್ದು ಈಗ ಅಂತ ಗೊತ್ತಾಗುತ್ತದೆ.