ಅಂತರ್ಜಲ ಮಟ್ಟ ಅಂದರೆ ಬೋರಿನ ಆಳ ಅಲ್ಲ

‘ಅಂತರ್ಜಲ ಮಟ್ಟ 700 ಅಡಿಗೆ ಹೋಗಿದೆ.’ ಈ ವಾರ ಇದೇ ಮಾತನ್ನು ಮೂರನೇ ಸಲ ಓದಿದೆ. ವಿಜಯಪುರ ಜಿಲ್ಲೆಯಲ್ಲಿ ಅಷ್ಟು ಆಳ ಕೊರೆಸಿ ಸಾಲಕ್ಕೆ ಬಿದ್ದವರ ಸಂಕಟ ನಿಜ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 700 ಅಡಿ ಅನ್ನೋದು ಬೋರಿನ ಆಳ. ಮಟ್ಟ ಬೇರೆ.

ಪದವನ್ನೇ ನೋಡಿ. ‘ಮಟ್ಟ’ ನಮ್ಮ ದ್ರಾವಿಡ ಮಾತು, ತಮಿಳಿನಲ್ಲಿ ಮಟ್ಟಂ, ತೆಲುಗಿನಲ್ಲಿ ಮಟ್ಟಮು. ಗೌಂಡಿ ಗೋಡೆಗೆ ಮಟ್ಟ ನೋಡುತ್ತಾನೆ. ‘ನನ್ನ ಮಟ್ಟಿಗೆ’ ಅನ್ನುತ್ತೇವೆ. ಎಲ್ಲದರಲ್ಲೂ ‘ಇಲ್ಲಿ ತನಕ’ ಅನ್ನುವ ಒಂದು ಗೆರೆ ಇದೆ. ಡೋಣಿ ಹೊಳೆ ಬಂದಾಗ ಎದೆಮಟ್ಟ ನೀರು ಅಂದರೆ, ನೀರಿನ ಮೇಲ್ಭಾಗ ಎದೆಗೆ ಬಂತು ಅಂತಲೇ ಅರ್ಥ ಅಲ್ವಾ? ಅಂತರ್ಜಲ ಮಟ್ಟವೂ ಹಾಗೇ, ನೀರಿನ ತಲೆ ಎಲ್ಲಿದೆ ಅನ್ನೋದು. ವಿಜಯಪುರದ ಹಳೆಯ ಮೆಟ್ಟಿಲು ಬಾವಿ ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಣ್ಣೆದುರೇ ಕಾಣುತ್ತದೆ. ಆರೂವರೆ ಇಂಚಿನ ಬೋರಿನೊಳಗೆ ಏನೂ ಕಾಣಲ್ಲ, ಗೊಂದಲ ಶುರುವಾಗಿದ್ದೇ ಅಲ್ಲಿ.

ಇಂಡಿ ಕಡೆಯ ನಿಂಬೆ ತೋಟದಲ್ಲಿ 480 ಅಡಿಗೆ ನೀರು ಬಿತ್ತು ಅಂದುಕೊಳ್ಳಿ. ‘ಕಾಕಾ, ಮಟ್ಟ ಎಷ್ಟು?’ ಅಂದರೆ 480 ಅಂತಲೇ ಉತ್ತರ ಬರುತ್ತದೆ. ನಮ್ಮ ಕರಿಕಲ್ಲಿನ ಆಳದ ಬಿರುಕುಗಳಲ್ಲಿ ನೀರು ಒತ್ತಡದಲ್ಲಿರುತ್ತದೆ, ಕೊರೆದು ದಾರಿ ಕೊಟ್ಟ ಕೂಡಲೇ ಮೇಲೇರಿ 90 ಅಡಿಗೂ ಬಂದು ನಿಲ್ಲಬಹುದು. ಆಗ ಮಟ್ಟ 90. ಪಂಪ್ ಹಚ್ಚಿದರೆ ಅದು ಸರ್ರನೆ ಕುಸಿಯುತ್ತದೆ. ಅದಕ್ಕೇ ಅಳೆಯೋದಕ್ಕೆ ವೀಕ್ಷಣಾ ಬಾವಿ ಬೇಕು, ಅಂದರೆ ಪಂಪ್ ಇಳಿಸದೆ ಅಳತೆಗಾಗಿಯೇ ಬಿಟ್ಟ ಬಾವಿ. ಪಕ್ಕದ ಹೊಲದ ಪಂಪ್ ಓಡುತ್ತಿದ್ದರೂ ಲೆಕ್ಕ ತಪ್ಪಬಹುದು.

ಇನ್ನೊಂದು ತಪ್ಪಂತೂ ಸಹಿಸೋಕೇ ಆಗಲ್ಲ. 8 ಮೀಟರ್ ಇದ್ದದ್ದು 12 ಆದರೆ ‘ಮಟ್ಟ ಏರಿದೆ’ ಅಂತ ಬರೆಯುತ್ತಾರೆ. ಆ ಅಂಕಿ ನೆಲದಿಂದ ಕೆಳಕ್ಕೆ ಅಳೆದದ್ದು. ಅಂಕಿ ಏರಿದರೆ ನೀರು ಇಳಿದಿದೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆದು ಕೊಡುವ ಪಟ್ಟಿಯನ್ನು ಹೀಗೆ ತಲೆಕೆಳಗಾಗಿ ಓದಿದರೆ ಬರಗಾಲವೇ ಸುಗ್ಗಿಯಾಗಿ ಕಾಣುತ್ತದೆ.

ಅಳೆಯೋದೇನೂ ಕಷ್ಟವಲ್ಲ. ಟೇಪಿನ ತುದಿಗೆ ಚಾಕ್‌ಪೀಸ್ ಉಜ್ಜಿ ಇಳಿಸಬೇಕು. ಕೇಸಿಂಗ್, ಅಂದರೆ ಬೋರಿಗೆ ಇಳಿಸಿದ ಪೈಪಿನ ಬಾಯಿಗೆ 15 ಮೀಟರ್ ಗುರುತು ಹಿಡಿದಾಗ ತುದಿಯ 1.80 ಮೀಟರ್ ಒದ್ದೆಯಾಗಿದ್ದರೆ, ನೀರು 13.20ರಲ್ಲಿದೆ. ಕೇಸಿಂಗ್ ನೆಲದಿಂದ 0.60 ಮೇಲಿದ್ದರೆ ಅದನ್ನೂ ಕಳೆದು 12.60. ಪ್ರತಿ ಸಲವೂ ಬಾಯಿಯ ಅದೇ ಜಾಗದಿಂದ ಅಳೆಯಬೇಕು.

ಸ್ಯಾಂಪಲ್, ಅಂದರೆ ಪರೀಕ್ಷೆಗೆ ಕಳಿಸುವ ನೀರು, ಆ ಪದಕ್ಕೂ ಇದೇ ಗತಿ. ಸುಮ್ನೆ ಬಾಟಲಿ ಇಳಿಸಿ ತುಂಬಿದರೆ ಸಿಗೋದು ಪೈಪಿನೊಳಗೆ ತಿಂಗಳುಗಟ್ಟಲೆ ನಿಂತ ನೀರು, ನೆಲದೊಳಗಿನದಲ್ಲ. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. 50 ಮೀಟರ್ ನಿಂತಿದ್ದರೆ 1,050 ಲೀಟರ್. ಅದರ ಮೂರು ಪಟ್ಟು ಹೊರಹಾಕಿ, ನೀರಿನ ಬಿಸಿ, ಪಿಎಚ್ (ಹುಳಿ-ಕ್ಷಾರದ ಅಳತೆ), ಉಪ್ಪಿನಂಶ ಏರಿಳಿಯದೆ ಒಂದೇ ಅಂಕಿಗೆ ನಿಂತ ಮೇಲೆ ತುಂಬುವುದು ಹಳೆಯ ರೂಢಿ. ಫ್ಲೋರೈಡ್ ನೋಡಿಸೋದಿದ್ದರೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನದು ಬೇಡ.